ಡೂಮ್ ಎಡಿಟರ್‌ನಲ್ಲಿ ಮಾಡಿದ ಗೋಲಗುಮ್ಮಟದ ಮ್ಯಾಪ್: ಪ್ರಿಂಟ್ ತೆಗೆದರೆ ಚೌಕ ಚಿಕ್ಕದಾಗುತ್ತಿದೆ

ಪ್ರಶ್ನೆ, ವಿಜಯಪುರದಿಂದ:
ನಮಸ್ಕಾರ್ರೀ. ಭಾನುವಾರ ನಾವು ನಾಲ್ಕು ಜನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ (ಮೇಜಿನ ಮೇಲೆ ಚೌಕದ ನಕ್ಷೆ ಹಾಸಿ, ಪಾತ್ರ ವಹಿಸಿ ಆಡುವ ಕಥೆಯಾಟ) ಆಡುತ್ತೇವೆ. ಈ ಸಲ ನಮ್ಮೂರಿನ ಗೋಲಗುಮ್ಮಟದೊಳಗೇ ಆಟ ನಡೆಯಬೇಕು ಅಂತ ಆಸೆ. ಡೂಮ್ ಅನ್ನೋ ಹಳೆಯ ಕಂಪ್ಯೂಟರ್ ಗೇಮ್‌ಗೆ ಮ್ಯಾಪ್ ಮಾಡುವ ಅಲ್ಟಿಮೇಟ್ ಡೂಮ್ ಬಿಲ್ಡರ್‌ನಲ್ಲಿ ಮ್ಯಾಪ್ ಎಳೆದಿದ್ದೇನೆ. ಒಳಗಿನ ಹಾಲ್ ಬದಿಗೆ ಸುಮಾರು 135 ಅಡಿ. ಚೌಕಕ್ಕೆ 5 ಅಡಿ ಹಿಡಿದರೆ 27 ಚೌಕ. ಒಂದು ಚೌಕಕ್ಕೆ 64 ಯೂನಿಟ್ (ಎಡಿಟರ್‌ನ ಅಳತೆ) ಇಟ್ಟಿದ್ದೇನೆ. ಡೂಮ್‌ನ ನೆಲದ ಚಿತ್ರವೂ 64ಕ್ಕೆ 64 ಇರುವುದರಿಂದ, ಅಂಚಿಗೆ ಗೆರೆ ಇರುವ ಒಂದೇ ಚಿತ್ರ ಹಾಕಿದರೆ ಸಾಕು, ಗ್ರಿಡ್ ತಾನಾಗಿಯೇ ಬಂತು!

ತೊಂದರೆ ಎರಡು. ಹಾಳೆಗೆ 8×11 ಚೌಕದಂತೆ ಕತ್ತರಿಸಿ, ಜೆರಾಕ್ಸ್ ಅಂಗಡಿಯಲ್ಲಿ ಎ4 ಪ್ರಿಂಟ್ ತೆಗೆಸಿದೆ. ಕಾಗದದ ಮೇಲೆ ಚೌಕ ಒಂದು ಇಂಚು ಇರಬೇಕು. ಹತ್ತು ಚೌಕ ಅಳೆದರೆ 254 ಮಿ.ಮೀ. ಬರಬೇಕು, 240 ಬರುತ್ತಿದೆ. ಇನ್ನೊಂದು, ಮೇಲೆ ಗುಮ್ಮಟದ ಬುಡದಲ್ಲಿ ಒಳಗೆ ಸುತ್ತಲೂ ಇರುವ ಪಿಸುಗುಟ್ಟುವ ಗ್ಯಾಲರಿ ಎಳೆದರೆ ಕೆಳಗಿನ ಹಾಲ್‌ನ ನೆಲವೇ ತುಂಡಾಗುತ್ತದೆ.

ಉತ್ತರ, ಬಾಗಲಕೋಟೆಯಿಂದ:
ಮ್ಯಾಪ್‌ನಲ್ಲಿ ತಪ್ಪಿಲ್ಲ ತಮ್ಮಾ. 8×11 ಇಂಚು ಅಂದರೆ ಎ4 ಅಂಚಿಗೇ ಬಂತು. ಅಷ್ಟು ಅಂಚಿನವರೆಗೆ ಪ್ರಿಂಟರ್ ಇಂಕ್ ಹಾಕುವುದಿಲ್ಲ, ಅದಕ್ಕೆ 'ಫಿಟ್' ಸೆಟ್ಟಿಂಗ್ ಚಿತ್ರವನ್ನೇ ಕುಗ್ಗಿಸಿದೆ. ಹಾಳೆಗೆ 7×10 ಚೌಕ ಇಡು. 27 ಚೌಕಕ್ಕೆ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು, ಒಟ್ಟು 12 ಹಾಳೆ. 8×11 ಇಟ್ಟರೂ 12 ಹಾಳೆಯೇ ಬೇಕು, ಹಾಗಾಗಿ ನಿನಗೆ ನಷ್ಟವೇನೂ ಇಲ್ಲ.

ಚಿತ್ರ ನಾಲ್ಕು ಪಟ್ಟು ದೊಡ್ಡದು ಮಾಡಿ ಎಕ್ಸ್‌ಪೋರ್ಟ್ ಮಾಡಿದರೆ ಚೌಕಕ್ಕೆ 256 ಪಿಕ್ಸೆಲ್ ಸಿಗುತ್ತದೆ. ಇಂಚಿಗೆ 256 ಅಂತಲೇ ಹಾಕಿ ಪಿಡಿಎಫ್ ಮಾಡು. ಅಂಗಡಿಯವರಿಗೆ 'ಆಕ್ಚುಯಲ್ ಸೈಜ್' ಅಂತ ಬಾಯಿಬಿಟ್ಟು ಹೇಳು. ಮೊದಲು ಒಂದೇ ಹಾಳೆ ತೆಗೆಸು. ಸ್ಕೇಲ್ ಇಲ್ಲದಿದ್ದರೆ 10 ರೂಪಾಯಿ ನಾಣ್ಯ ಇಟ್ಟು ನೋಡು. ಅದು 27 ಮಿ.ಮೀ., ಚೌಕ 25.4. ಸುತ್ತಲೂ ಕೂದಲೆಳೆಯಷ್ಟು ಹೊರಗೆ ಬಂದರೆ ಸರಿಯಾಗಿದೆ ಅಂತ ಲೆಕ್ಕ.

ಉತ್ತರ, ಬೆಳಗಾವಿಯಿಂದ:
ಗ್ಯಾಲರಿ ವಿಷಯ ನಾನು ಹೇಳುತ್ತೇನೆ. ಹಳೆಯ ಡೂಮ್‌ನಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಕೂರುವುದೇ ಇಲ್ಲ. ಎಡಿಟರ್ ಮೇಲಿಂದ ನೋಡಿದ ನಕ್ಷೆಯನ್ನಷ್ಟೇ ಗೊತ್ತುಮಾಡಿಕೊಳ್ಳುತ್ತದೆ. ಅದಕ್ಕೆ ಗ್ಯಾಲರಿಯನ್ನು ಪಕ್ಕದಲ್ಲಿ ಬೇರೆಯಾಗಿ ಎಳೆಯಿರಿ. ಹಾಲ್ 1728 ಯೂನಿಟ್, ನೀವು 2048 ಯೂನಿಟ್ ಬಲಕ್ಕೆ ಸರಿಸಿ. 64ರ ಲೆಕ್ಕ ತಪ್ಪಬಾರದು, ಏಕೆಂದರೆ ನೆಲದ ಚಿತ್ರ ಆ ಗ್ರಿಡ್‌ಗೇ ಅಂಟಿಕೊಂಡಿರುತ್ತದೆ. ತಪ್ಪಿದರೆ ಮೇಲಿನ ಗೆರೆ, ಕೆಳಗಿನ ಗೆರೆ ಕೂಡುವುದಿಲ್ಲ.

ಗ್ಯಾಲರಿ ಸುಮಾರು 11 ಅಡಿ ಅಗಲ, ಅಂದ್ರೆ ಎರಡು ಚೌಕಕ್ಕಿಂತ ಸ್ವಲ್ಪ ಜಾಸ್ತಿ. ದಪ್ಪ ಕಾಗದದ ಮೇಲೆ ತೆಗೆಸಿ, ನಡುಭಾಗ ಕತ್ತರಿಸಿ ಬಳೆಯ ಹಾಗೆ ಮಾಡಿ. ನಾಲ್ಕು ಕಡೆ ಬೆಂಕಿಪೊಟ್ಟಣ ಇಟ್ಟು ಹಾಲ್ ಮೇಲೆ ನಿಲ್ಲಿಸಿ. ಮೇಲೆ ಓಡಾಡುವವರಿಗೆ ಕೆಳಗಿನ ಗೋರಿ ಕಾಣಬೇಕಲ್ವಾ! ಎದುರು ಬದುರು ನಿಂತ ಇಬ್ಬರು ಆಟಗಾರರು ಪಿಸುಮಾತಿನಲ್ಲೇ ಗುಟ್ಟು ಹೇಳಬಹುದು ಅನ್ನೋ ನಿಯಮವನ್ನೂ ಖಂಡಿತ ಇಡಿ.

ಪ್ರಶ್ನೆ ಕೇಳಿದವರು:
ಒಂದು ಹಾಳೆ ತೆಗೆಸಿದೆ. ಹತ್ತು ಚೌಕ ಸರಿಯಾಗಿ 254! ನಾಣ್ಯದ ಅಂಚೂ ನೀವು ಹೇಳಿದ ಹಾಗೇ ಹೊರಗಿದೆ. ಉಳಿದ 11 ಹಾಳೆ ಸಂಜೆ ತೆಗೆಸುತ್ತೇನೆ. ಗೋರಿಯ ಜಾಗಕ್ಕೆ ಹುಣಸೆ ಬೀಜ ಅಂಟಿಸಲು ನಮ್ಮ ತಂಗಿ ಈಗಲೇ ಕೂತಿದ್ದಾಳೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣಾ.