ಸಹಾಯ ಬೇಕು: ಲ್ಯಾಪ್‌ಟಾಪ್‌ನ ಸ್ವಂತ ಕೀಬೋರ್ಡ್ ಲಿನಕ್ಸ್‌ನಲ್ಲಿ ಪತ್ತೆಯಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಅಪ್‌ಡೇಟ್ ಆದ ನಂತರ ನನ್ನ ಲ್ಯಾಪ್‌ಟಾಪ್ ಲಾಗಿನ್ ಪರದೆಗೆ ಬಂದಾಗ ಅದರದೇ ಕೀಬೋರ್ಡ್‌ನ ಒಂದು ಕೀಲಿಯೂ ಕೆಲಸ ಮಾಡುತ್ತಿಲ್ಲ. ಯುಎಸ್‌ಬಿ ಕೀಬೋರ್ಡ್ ಜೋಡಿಸಿದರೆ ತೊಂದರೆಯಿಲ್ಲ. ಈ ಮನವಿಯನ್ನೂ ಅದರಲ್ಲೇ ಟೈಪ್ ಮಾಡುತ್ತಿದ್ದೇನೆ.

ವಿಚಿತ್ರವೆಂದರೆ, ಲಿನಕ್ಸ್ ಶುರುವಾಗುವ ಮುನ್ನವೇ ಬರುವ ಬಯೋಸ್ ಸೆಟಪ್‌ನಲ್ಲಿಯೂ ಗ್ರಬ್ (ಲಿನಕ್ಸನ್ನು ಬೂಟ್ ಮಾಡಿಸುವ ತಂತ್ರಾಂಶ) ಮೆನುವಿನಲ್ಲಿಯೂ ಇದೇ ಕೀಬೋರ್ಡ್‌ನ ಬಾಣದ ಕೀಲಿಗಳು ಮತ್ತು ಎಂಟರ್ ಸರಿಯಾಗಿ ಸ್ಪಂದಿಸುತ್ತವೆ. ಆದ್ದರಿಂದ ಒಳಗಿನ ರಿಬ್ಬನ್ ಕೇಬಲ್ ಸಡಿಲಗೊಂಡಿದೆ ಎಂಬ ಅನುಮಾನವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಟಚ್‌ಪ್ಯಾಡ್ ಎಂದಿನಂತಿದೆ, ಆದರೆ ಅದು ಐ2ಸಿ ಎಂಬ ಬೇರೆಯದೇ ಸಂಪರ್ಕದ ಮೂಲಕ ಜೋಡಣೆಯಾಗಿರುವುದರಿಂದ ಅದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ. ಬೂಟ್ ಲಾಗ್‌ನಲ್ಲಿ ಮಾತ್ರ ‘ಐ8042’ (ಕೀಬೋರ್ಡ್ ಕಂಟ್ರೋಲರನ್ನು ನಿಭಾಯಿಸುವ ಡ್ರೈವರ್) ಎಂಬುದರ ಮುಂದೆ, ಪಿಎಸ್/2 (ಕೀಬೋರ್ಡ್‌ಗೆ ಬಳಸುವ ಹಳೆಯ ಬಗೆಯ ಸಂಪರ್ಕ) ಕಂಟ್ರೋಲರ್ ಸಿಗಲಿಲ್ಲ ಎಂಬರ್ಥದ ಸಾಲೊಂದು ಕಾಣುತ್ತದೆ.

ಎಸಿಪಿಐ (ಯಂತ್ರಾಂಶದ ವಿವರವನ್ನು ಕರ್ನಲ್‌ಗೆ ತಿಳಿಸುವ ಫರ್ಮ್‌ವೇರ್ ವ್ಯವಸ್ಥೆ) ಕೊಡುವ ಮಾಹಿತಿಯನ್ನು ನೆಚ್ಚದೆ ಕರ್ನಲ್ ತಾನೇ ಕಂಟ್ರೋಲರನ್ನು ಹುಡುಕುವಂತೆ ಮಾಡುವ ‘ಐ8042.ನೋಪಿಎನ್‌ಪಿ’ ಆಯ್ಕೆಯನ್ನು ಗ್ರಬ್‌ನಲ್ಲಿ ಸೇರಿಸಿದಾಗ ಕೀಬೋರ್ಡ್ ಕೆಲಸ ಮಾಡುತ್ತದೆಯಾದರೂ, ಸಸ್ಪೆಂಡ್ ಮಾಡಿ ಮತ್ತೆ ತೆರೆದ ಕೂಡಲೇ ಪುನಃ ಸುಮ್ಮನಾಗಿಬಿಡುತ್ತದೆ. ಇದರೊಂದಿಗೆ, ಕಂಟ್ರೋಲರನ್ನು ರೀಸೆಟ್ ಮಾಡಿಸುವ ‘ಐ8042.ರೀಸೆಟ್’ ಆಯ್ಕೆಯನ್ನೂ ಬಳಸುವುದು ಸೂಕ್ತವೇ, ಅಥವಾ ಹಳೆಯ ಕರ್ನಲ್‌ಗೆ ಮರಳುವುದು ಒಳ್ಳೆಯದೇ? ಎರಡನೆಯದು ಸುಲಭ, ಆದರೆ ಭದ್ರತಾ ತಿದ್ದುಪಡಿಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಲಾಗ್‌ನ ಪೂರ್ಣ ಪಠ್ಯ ಬೇಕಿದ್ದಲ್ಲಿ ಕಳುಹಿಸುತ್ತೇನೆ.