ಸಹಾಯ ಬೇಕು: ಹಾಕಿ ಆಡುವ ಅಣ್ಣನ ತಲೆಗೆ ಪೆಟ್ಟಾಗಿದೆ, ಮೈಸೂರಲ್ಲಿ ಯಾರನ್ನು ನೋಡೋದು?

ಎಲ್ಲರಿಗೂ ನಮಸ್ಕಾರ, ನಾವಿರೋದು ಕುವೆಂಪುನಗರ. ನಮ್ಮಣ್ಣನಿಗೆ 40 ದಾಟಿದೆ, ಇನ್ನೂ ಹಾಕಿ ಬಿಟ್ಟಿಲ್ಲ. ಮೊದಲು ಸೆಂಟರ್ ಹಾಫ್, ಅಂದರೆ ಮೈದಾನದ ನಡುವೆ ಆಡೋನು, ಇಡೀ ಮ್ಯಾಚ್ ಅವನದ್ದೇ. ಈಗ ಕೊನೇ ಕ್ವಾರ್ಟರ್‌ನಲ್ಲಿ ಸ್ವಲ್ಪ ಹೊತ್ತು ಇಳಿಸುತ್ತಾರೆ, ಜೊತೆಗೆ ಎದುರಾಳಿಗೆ ಪೆನಾಲ್ಟಿ ಕಾರ್ನರ್ (ತಪ್ಪಾದಾಗ ಗೋಲಿನ ಹತ್ತಿರ ಸಿಗೋ ಅವಕಾಶ) ಬಂದಾಗ ಗೋಲ್ ಲೈನಿನಿಂದ ಮೊದಲು ನುಗ್ಗೋ ಕೆಲಸ, ಅಂದರೆ ಡ್ರ್ಯಾಗ್ ಫ್ಲಿಕ್‌ಗೆ (ಸ್ಟಿಕ್‌ನಲ್ಲಿ ಚೆಂಡನ್ನು ಎಳೆದು ಗೋಲಿಗೆ ಜೋರಾಗಿ ಚಿಮ್ಮಿಸೋ ಹೊಡೆತ) ಎದುರಾಗಿ ಓಡೋದು. ಹುಡುಗರು ಯಾರೂ ಒಪ್ಪಲ್ಲ ಅಂತ ಇವನ ತಲೆಗೆ ಕಟ್ಟಿದ್ದಾರೆ ಅನ್ನೋದು ನನ್ನ ಅನುಮಾನ.

ಕಳೆದ ತಿಂಗಳು ಅಲ್ಲೇ ಚೆಂಡು ಕಿವಿ ಮೇಲೆ ಬಡಿಯಿತು. ಫೇಸ್ ಮಾಸ್ಕ್ ಇತ್ತು, ಆದರೆ ಅದು ಮುಖಕ್ಕಷ್ಟೇ ಅಲ್ವಾ. ಪ್ರಜ್ಞೆ ತಪ್ಪಲಿಲ್ಲ, ಸಿಟಿ ಸ್ಕ್ಯಾನ್ ನಾರ್ಮಲ್, ಅದನ್ನೇ ಹಿಡಿದುಕೊಂಡು "ಸುಮ್ನಿರೋ, ಏನೂ ಆಗಿಲ್ಲ" ಅನ್ನುತ್ತಾನೆ. ಕನ್‌ಕಷನ್ (ಪೆಟ್ಟಿಗೆ ಮೆದುಳು ಅಲುಗಿ ಆಗೋ ತೊಂದರೆ) ಪ್ರಜ್ಞೆ ತಪ್ಪದೆಯೂ ಆಗುತ್ತದೆ, ಸ್ಕ್ಯಾನಲ್ಲಿ ಸಾಮಾನ್ಯವಾಗಿ ಕಾಣಲ್ಲ. ಟ್ಯೂಬ್‌ಲೈಟ್ ಹಾಕಿದರೆ ಕಣ್ಣು ಮುಚ್ಚುತ್ತಾನೆ, ಅಂಗಡಿಗೆ ಹೋಗಿ ಏನು ತರೋಕೆ ಬಂದೆ ಅಂತ ಮನೆಗೆ ಫೋನ್ ಮಾಡುತ್ತಾನೆ. ಇದು ವಾಸಿಯಾಗೋ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಜಾಸ್ತಿ. ಭಾನುವಾರ ಮಂಡ್ಯದಲ್ಲಿ ಮ್ಯಾಚ್ ಬೇರೆ, ಸ್ಟಿಕ್‌ಗೆ ಹೊಸ ಗ್ರಿಪ್ ಸುತ್ತಿ ಆಗಿದೆ.

ಆಟಗಾರರ ತಲೆಪೆಟ್ಟು ನೋಡಿ ಅನುಭವ ಇರುವ ನ್ಯೂರಾಲಜಿಸ್ಟ್ ಮೈಸೂರಲ್ಲಿ ಇದ್ದಾರಾ? ಅಥವಾ ನೇರ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗೋದೇ ಒಳ್ಳೇದಾ? ಇಂಥ ಪೆಟ್ಟು ತಿಂದು ಆಟ ನಿಲ್ಲಿಸಿದವರು ಗ್ರೂಪಲ್ಲಿದ್ದರೆ ಅವನ ಹತ್ತಿರ ಒಂದ್ಸಲ ಮಾತಾಡಿ. ನನ್ನ ಮಾತು ಕೇಳಲ್ಲ.