ಅಪ್‌ಡೇಟ್: ಮಿಂಟ್ ಹಾಕಿದ ಹಳೇ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬಂತು

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಮೇಲೆ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲಿಗೆ ಬಳಸೋ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೀನಿ, ವೈಫೈ ಕಾಣ್ತಿಲ್ಲ ಅಂತ ಕೇಳಿದ್ನಲ್ಲ, ಸರಿಹೋಯ್ತು.

ಕರ್ನಲ್ (ಸಿಸ್ಟಮ್‌ನ ತಿರುಳು ಭಾಗ) ಬದಲಿಸಿ ಅಂತ ಕೆಲವರು ಅಂದಿದ್ದು ನನಗೆ ಕೆಲಸ ಮಾಡಲಿಲ್ಲ. ಫೋನನ್ನ ಕೇಬಲ್‌ನಲ್ಲಿ ಸಿಕ್ಕಿಸಿ, ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಡೋದು) ಆನ್ ಮಾಡಿ, ವೈಫೈಯಂಥ ಭಾಗಗಳಿಗೆ ಬೇಕಾದ ಡ್ರೈವರ್ ಹುಡುಕಿ ಹಾಕೋ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೀರಿ ಅಂದವರಿಗೆ ದೊಡ್ಡ ನಮಸ್ಕಾರ. ತೀರ್ಥಹಳ್ಳಿ ಕಡೆ ನಮ್ಮನೇಲಿ ಮೊಬೈಲ್ ಸಿಗ್ನಲ್ ಸಿಗೋದು ಅಡಿಕೆ ಒಣಗಿಸೋ ಅಂಗಳದ ತುದೀಲಿ ಮಾತ್ರ. ಅಲ್ಲೇ ಸ್ಟೂಲ್ ಹಾಕ್ಕೊಂಡು ಕೂತೆ. ಡ್ರೈವರ್ ಇಳಿದು, ರೀಸ್ಟಾರ್ಟ್ ಮಾಡಿದ್ದೇ ಮನೆಯ ವೈಫೈ ಹೆಸರು ಬಂತು.

ಗೊತ್ತೇ ಇರದ ಇನ್ನೊಂದು: ಲಿನಕ್ಸ್‌ನಲ್ಲಿ ಬೇರೆಬೇರೆ ಭಾಷೆ ಟೈಪ್ ಮಾಡಿಸೋ ಐಬಸ್ ಜೊತೆ, ಕೀಲಿಮಣೆ ವಿನ್ಯಾಸಗಳಿರೋ ಎಂ17ಎನ್ ಹಾಕಿದ್ರೆ, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ರೂಢಿಯಾದ ಕಗಪ ಕೀಲಿಮಣೆ ಇಲ್ಲೂ ಸಿಗುತ್ತೆ. ಅಪ್ಪಯ್ಯನ ಹಳೇ ನುಡಿ ಫೈಲುಗಳು ಮಾತ್ರ ಯುನಿಕೋಡ್‌ನವಲ್ಲ (ಎಲ್ಲ ಕಂಪ್ಯೂಟರಲ್ಲೂ ಒಂದೇ ಥರ ಓದಿಸೋ ಅಕ್ಷರ ಸಂಕೇತ), ನುಡಿಯ ಹಳೇ ಫಾಂಟು ಹಾಕೋವರೆಗೂ ಬರೀ ಚಿತ್ರವಿಚಿತ್ರ ಅಕ್ಷರ.